ಹಳ್ಳದ ಮೇಲಿನ ಮಾತು

ನಮ್ಮೂರಲ್ಲಿ ಮನೆ ಬಾಡಿಗೆಗೆ ಕೇಳಿಕೊಂಡು ಬರುವವರು ಮೊದಲು ವಿಚಾರಿಸುವುದು ನಳದಲ್ಲಿ ನೀರು ಬರುತ್ತದೆಯೇ ಎಂದಲ್ಲ, ಅಕ್ಕಪಕ್ಕದಲ್ಲಿ ಯಾರ ಮಾತು ನಿಂತಿದೆ ಎಂದು. ಗರಡಿಮನೆ ಓಣಿಯಲ್ಲಿ ಬಾಡಿಗೆ ಅಗ್ಗ. ನನ್ನ ಅಜ್ಜಿ ಸಣ್ಣವಳಿದ್ದಾಗಿನ ಚೇರಮನ್ನರೊಬ್ಬರು ಅಲ್ಲಿ "ಈ ಓಣಿಗೆ ಫರಸಿ ಕಲ್ಲು ಹಾಸಿಸುತ್ತೇನೆ" ಎಂದು ಇವತ್ತಿಗೂ ಗುಡುಗುತ್ತಿರುತ್ತಾರೆ. ಮನುಷ್ಯ ಹೋಗಿ ಯಾವ ಕಾಲವಾಯಿತೋ, ಮೀಸೆಯ ಗತ್ತು ಮಾತ್ರ ದನಿಯಲ್ಲಿ ಹಾಗೇ ಇದೆ. ಆ ಓಣಿಯ ಮಕ್ಕಳು ಗುಡುಗಿನ ನಡುನಡುವೆಯೇ ಮಗ್ಗಿ ಕಲಿಯುತ್ತವೆ. ಹೊಸ ಸೊಸೆಯಂದಿರು ಮೊದಮೊದಲು ಬೆಚ್ಚಿ ಸೆರಗು ಹೊದೆಯುತ್ತಾರೆ, ಆಮೇಲೆ ರೊಟ್ಟಿ ಬಡಿಯುವ ಸಪ್ಪಳದಲ್ಲಿ ಮರೆತುಬಿಡುತ್ತಾರೆ. ಫರಸಿ ಹಾಸಿದರೆ ಮಾತು ಸುಮ್ಮನಾಗುತ್ತದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಆಗುತ್ತದೆ, ಯಾರು ಇಲ್ಲ ಅಂದರು? ಹಾಸಬೇಕಲ್ಲ!

ಗ್ರಾಮಸಭೆ ನಡೆಯುವುದು ಬಸರಿ ಮರದ ಕಟ್ಟೆಯ ಮೇಲೆ. ಆ ಕಟ್ಟೆಯ ಮೇಲೆ ನಿಂತು "ಇಂಥದ್ದು ಮಾಡಿಸುತ್ತೇನೆ" ಎಂದು ಯಾರು ಮಾತು ಕೊಟ್ಟರೂ ಆ ಮಾತು ಎದ್ದು ಹೋಗಿ ಕೆಲಸ ಆಗಬೇಕಾದ ಜಾಗದಲ್ಲಿ ನಿಲ್ಲುತ್ತದೆ. ಒಲೆಯ ಮೇಲೆ ಇಟ್ಟ ಅನ್ನ ಕುದಿ ಬರುವಷ್ಟರಲ್ಲಿ ಒಮ್ಮೆಯಾದರೂ ನುಡಿಯುತ್ತದೆ. ಕೆಲಸ ಮುಗಿದ ಗಳಿಗೆಗೆ ಸುಮ್ಮನಾಗುತ್ತದೆ. ಹೀಗಾಗಿ ನಮ್ಮ ಪಂಚಾಯತಿ ಸದಸ್ಯರು ತಮ್ಮದೇ ಒಂದು ಭಾಷೆ ಕಲಿತಿದ್ದರು. "ನೋಡೂಣು" ಅನ್ನುತ್ತಿದ್ದರು. "ಮ್ಯಾಲ ಕಳಸೂಣು" ಅನ್ನುತ್ತಿದ್ದರು. "ಆದ್ರ ಆಗ್ತೈತಿ" ಅನ್ನುತ್ತಿದ್ದರು. ಇವು ಎಲ್ಲೂ ನಿಲ್ಲುವುದಿಲ್ಲ, ಕಟ್ಟೆಯ ಕೆಳಗೇ ಉದುರಿ ಹೋಗುತ್ತವೆ. ಚುನಾವಣೆಗೆ ನಿಲ್ಲುವ ಮೊದಲು ಮನೆಯ ಹಿರಿಯರು ಇದನ್ನೇ ಹೇಳಿ ಕಳಿಸುತ್ತಿದ್ದರು, ಬಾಯಿ ಬಿಗಿ ಹಿಡಿ ಅಂತ.

ನನ್ನ ಗಂಡ ಅಡಿವೆಪ್ಪನಿಗೂ ಹೇಳಿಯೇ ಕಳಿಸಿದ್ದರು. ಅವನು ನನ್ನ ಸೋದರತ್ತೆಯ ಮಗ. ಲಂಗ ಉಟ್ಟಾಗಿನಿಂದ ಜಗಳಾಡಿ ಬೆಳೆದವರು, ಹಾಗಾಗಿ ರೀ ಗೀ ಅನ್ನುವುದು ನಮ್ಮ ನಡುವೆ ಬರಲೇ ಇಲ್ಲ. ಅವನು ಪಂಚಾಯತಿ ಅಧ್ಯಕ್ಷನಾದ ವರ್ಷ ಹಳ್ಳ ತುಂಬಿ ಬಂದು, ನನ್ನ ತವರೂ ಅವನ ತಾಯಿಯ ತವರೂ ಆದ ಆಚೆದಂಡೆಯ ಓಣಿ ಊರಿಂದ ಕಡಿದುಹೋಗಿತ್ತು. ವರ್ಷದ ಬಹುಪಾಲು ಆ ಹಳ್ಳದಲ್ಲಿ ಮೊಣಕಾಲಿಗಿಂತ ಮೇಲೆ ನೀರಿರುವುದಿಲ್ಲ. ಆದರೆ ಬಂತೆಂದರೆ ಎಮ್ಮೆಯನ್ನೇ ಎತ್ತಿಕೊಂಡು ಹೋಗುತ್ತದೆ. ಆ ಸಲದ ಸಭೆಯಲ್ಲಿ ಎಲ್ಲರೂ "ನೋಡೂಣು" ಅಂದ ಮೇಲೆ ಅಡಿವೆಪ್ಪ ಎದ್ದು ನಿಂತ. ಆ ಮುಖ ನನಗೆ ಗೊತ್ತು, ಬಾಯಿ ಬಿಗಿ ಹಿಡಿಯುವ ಮುಖವಲ್ಲ.

"ನಮ್ಮವ್ವ ಕಾಲ ತೋಯಿಸ್ಕೊಳ್ಳಾರದ ತವರ ಮುಟ್ಟಬೇಕು, ಅಂಥಾ ಬ್ರಿಜ್ ಕಟ್ಟಸ್ತೀನಿ ಈ ಹಳ್ಳಕ್ಕ" ಅಂದ. ಆಮೇಲೆ ಕೆಮ್ಮಿದ, ನೆಗಡಿಯಾಗಿತ್ತು ಅವನಿಗೆ. ಹೆಂಗಸರ ಸಾಲಿನಲ್ಲಿ ಕೂತಿದ್ದ ನನಗೆ ನಗು ತಡೆಯಲಿಲ್ಲ. ಮನೆಯ ಬಚ್ಚಲ ಬಾಗಿಲಿಗೆ ಒಂದು ಚಿಲಕ ಹಾಕಿಸುತ್ತೇನೆ ಅಂದವನು, ಅದನ್ನೇ ಹಾಕಿಸಿರಲಿಲ್ಲ ಪುಣ್ಯಾತ್ಮ. ಮನೆಯಲ್ಲಿ ಆಡಿದ ಮಾತು ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಬಚಾವಾಗಿದ್ದ. ಅವನು ನನ್ನ ಕಡೆ ಬೆರಳು ಮಾಡಿ, "ಏ ಶಾವಂತ್ರಿ, ನಗಬ್ಯಾಡ. ಖರೇನ ಕಟ್ಟಸ್ತೀನಿ" ಅಂದ. ಸಭೆಗೆ ಸಭೆಯೇ ಹೋ ಎಂದು ನಕ್ಕಿತು.

ಮರುದಿನ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದರೆ ಅಷ್ಟೂ ಅಲ್ಲಿ ನಿಂತಿತ್ತು, ಕೆಮ್ಮು ಸಮೇತ, ನನ್ನ ಹೆಸರು ಸಮೇತ. ನನಗೆ ನಾಚಿಕೆಯಾಗಿ ಸಾಯುವಂತಾಯಿತು. ಊರಿನ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ "ಏ ಶಾವಂತ್ರಿ, ನಗಬ್ಯಾಡ" ಎಂದು ಅಣಕಿಸಿ ಓಡುತ್ತಿದ್ದರು. ಮನೆಗೆ ಬಂದು ಅವನ ಮೇಲೆ ಹರಿಹಾಯ್ದೆ. "ಲಗೂನ ಕಟ್ಟಸು ಮಾರಾಯಾ, ನನ್ನ ಮರ್ಯಾದಿ ಹಳ್ಳದಾಗ ನಿಂತೈತಿ" ಅಂದೆ. ಅವನು ತಾಲ್ಲೂಕು ಕಚೇರಿಗೆ ಓಡಾಡಿದ, ಚಪ್ಪಲಿ ಸವೆಯಿತು. ಒಂದು ಸಂಜೆ ಅಲ್ಲಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದವನನ್ನು, ನಿದ್ದೆ ಹತ್ತಿದೆ ಎಂದು ಕಂಡಕ್ಟರು ನಮ್ಮೂರ ಸ್ಟಾಪಿನಲ್ಲಿ ಅಲುಗಾಡಿಸಿದನಂತೆ. ಅಡಿವೆಪ್ಪ ಏಳಲಿಲ್ಲ.

ಮಣ್ಣು ಕೊಟ್ಟು ಹಳ್ಳದ ದಂಡೆಯಲ್ಲಿ ಹಿಂತಿರುಗುವಾಗ ಅವನು ಮಾತಾಡುತ್ತಿದ್ದ. ನಮ್ಮವ್ವ ಕಾಲ ತೋಯಿಸ್ಕೊಳ್ಳಾರದ ತವರ ಮುಟ್ಟಬೇಕು ಅನ್ನುತ್ತಿದ್ದ. ನನ್ನ ಅತ್ತೆ ದ್ಯಾಮವ್ವ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಕುಸಿದಳು. ಅವಳನ್ನು ಎತ್ತಿಕೊಂಡೇ ಮನೆಗೆ ತಂದರು. ಅವತ್ತಿನಿಂದ ಆಕೆ ಹಳ್ಳದ ಕಡೆ ಮುಖ ಹಾಕಲಿಲ್ಲ, ತವರನ್ನೂ ಬಿಟ್ಟಳು. ನಾನು ಮಾತ್ರ ದಿನಾ ಬೆಳಿಗ್ಗೆ ಹೋಗತೊಡಗಿದೆ. ಒಗೆಯಲು ಬಟ್ಟೆ ಇಲ್ಲದಿದ್ದರೆ ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದೆ. ಕಲ್ಲಿನ ಮೇಲೆ ಕೂತು ಅವನು ನನ್ನ ಹೆಸರು ಹಿಡಿದು ಕರೆಯುವುದನ್ನು ಕೇಳುತ್ತಿದ್ದೆ. ಮುಚ್ಚಿಡುವುದೇನು, ಅದೊಂದು ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ.

ಹೀಗಿರುವಾಗ ಅಧ್ಯಕ್ಷ ಸ್ಥಾನ ಮಹಿಳಾ ಮೀಸಲಾತಿಗೆ ಬಂತು. ಮೈದುನ ದುಂಡಪ್ಪ ಓಡಿಬಂದ. "ವೈನಿ, ನೀವು ಸಹಿ ಮಾಡ್ರಿ ಸಾಕು, ಓಡಾಟ ಎಲ್ಲಾ ನಂದು" ಅಂದ. ಆಯಿತು ಅಂದೆ. ಆರಿಸಿ ಬಂದ ಮೇಲೆ ಅವನು ಅಧ್ಯಕ್ಷರ ಕುರ್ಚಿಯ ಪಕ್ಕಕ್ಕೆ ತನಗೊಂದು ಕುರ್ಚಿ ಹಾಕಿಸಿಕೊಂಡ. ಒಂದಷ್ಟು ದಿನ ನೋಡಿದೆ. ಬಂದವರೆಲ್ಲ ಅವನ ಮುಖ ನೋಡಿ ಮಾತಾಡುತ್ತಾರೆ, ನಾನು ಗೋಡೆಯ ಕ್ಯಾಲೆಂಡರಿನ ಹಾಗೆ ಕೂತಿರುತ್ತೇನೆ. ಒಂದು ದಿನ ಅವನ ಕುರ್ಚಿ ತೆಗೆಸಿ ಅಂಗನವಾಡಿಗೆ ಕಳಿಸಿದೆ. "ಓಡಾಟನೂ ನಂದ ದುಂಡಪ್ಪ, ನಿನಗ್ಯಾಕ ತ್ರಾಸು" ಅಂದೆ. ಮುಖ ಊದಿಸಿಕೊಂಡು ಹೋದ.

ಎಲ್ಲರೂ ಅಂದುಕೊಂಡಿದ್ದು ಶಾವಂತ್ರವ್ವ ಮೊದಲು ಗಂಡನ ಸೇತುವೆ ಕಟ್ಟಿಸುತ್ತಾಳೆ ಅಂತ. ನಾನು ನೀರಿನ ಟಾಕಿ ಕಟ್ಟಿಸಿದೆ. ದೀಪ ಹಾಕಿಸಿದೆ. ಶಾಲೆಗೆ ಶೌಚಾಲಯ ಮಾಡಿಸಿದೆ. ಗರಡಿಮನೆ ಓಣಿಯ ಫರಸಿಗೂ ಕೈ ಹಾಕಿದ್ದೆ, ಅರ್ಧಕ್ಕೇ ನಿಂತಿತು. ಹಳ್ಳದ ಸೇತುವೆಯನ್ನು ಮಾತ್ರ ಪ್ರತಿ ವರ್ಷ ಕ್ರಿಯಾ ಯೋಜನೆಯ ಕೊನೆಗೆ ತಳ್ಳುತ್ತಿದ್ದೆ. ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ಆಚೆದಂಡೆಯವರು ಎದ್ದು ಕೇಳಿದಾಗ ನಾನೂ ಬಲು ಚೆನ್ನಾಗಿ "ನೋಡೂಣು" ಅನ್ನುತ್ತಿದ್ದೆ. ಹಾಗೆ ಕೇಳುತ್ತಿದ್ದವನು ನನ್ನ ಸ್ವಂತ ತಮ್ಮ ಭರಮಣ್ಣ. ಅವನು ನನ್ನ ಮುಖವನ್ನೇ ನೋಡುತ್ತ ಕೂತುಬಿಡುತ್ತಿದ್ದ.

ಆಗ ಹೊಸ ಪಿಡಿಒ ಆಗಿ ತಬಸ್ಸುಮ್ ಮೇಡಂ ಬಂದಳು. ಶಹರದ ಹುಡುಗಿ, ಚುರುಕು, ಮಾತು ಪಟಪಟ. ಮೊದಲ ಸಭೆಗೆ ಮುಂಚೆ ಅವಳಿಗೆ ಕಟ್ಟೆಯ ವಿಷಯ ಯಾರೂ ಹೇಳಲಿಲ್ಲ. ಸದಸ್ಯರಿಗೆ ಮೋಜು ನೋಡುವ ಆಸೆ. ಅವಳು ಕಟ್ಟೆಯ ಮೇಲೆ ನಿಂತು, "ಈ ಊರಿನ ಒಂದೊಂದು ಚರಂಡಿಯನ್ನೂ ನಾನೇ ಮುಂದೆ ನಿಂತು ಸರಿ ಮಾಡಿಸುತ್ತೇನೆ, ಇದು ನನ್ನ ಮಾತು" ಅಂದುಬಿಟ್ಟಳು. ಬೆಳಗಾಗುವುದರಲ್ಲಿ ಊರಿನ ಎಲ್ಲ ಚರಂಡಿಗಳ ಮೇಲೂ ತಬಸ್ಸುಮ್! ಅವಳ ಬಾಡಿಗೆ ಕೋಣೆಯ ಮುಂದಿನ ಗಟಾರದಲ್ಲೂ ಅವಳೇ. ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ಮನೆ ಬಾಗಿಲಿಗೆ ಬಂದಳು.

"ಒಬ್ಬರಾದರೂ ಹೇಳಬಾರದಿತ್ತಾ ಅಧ್ಯಕ್ಷರೇ?"

"ಹೇಳಿದ್ರ ನಂಬ್ತಿದ್ರೇನ್ರಿ?" ಅಂದೆ. ಅವಳು ಯೋಚಿಸಿ, ಇಲ್ಲ ಅಂದಳು. ಚಹಾ ಮಾಡಿಕೊಟ್ಟೆ.

ಆಮೇಲೆ ಆ ಹುಡುಗಿ ಬುಗುರಿಯ ಹಾಗೆ ತಿರುಗಿದಳು ನೋಡಿ. ಗುತ್ತಿಗೆದಾರನ ಬೆನ್ನು ಹತ್ತಿದಳು, ಹೂಳು ತೆಗೆಸಿದಳು, ಕಲ್ಲು ಕೂರಿಸಿದಳು. ಒಂದೊಂದು ಓಣಿಯಲ್ಲೂ ಅವಳ ದನಿ ಅಡಗುತ್ತ ಬಂತು. ಕೊನೆಯ ಚರಂಡಿ ಸುಮ್ಮನಾದ ದಿನ ಪಂಚಾಯತಿ ಕಚೇರಿಯಲ್ಲೇ ಮೇಜಿಗೆ ತಲೆಯಿಟ್ಟು ನಿದ್ದೆ ಹೋದಳು. ಎದ್ದವಳೇ ಸೇತುವೆಯ ಕಡತ ತೆರೆದಳು. ಮೇಲಿನವರನ್ನು ಕಾಡಿ ಬೇಡಿ ಅದಕ್ಕೆ ಮಂಜೂರಾತಿಯನ್ನೂ ತಂದಳು. ಇನ್ನು ಬೇಕಾದದ್ದು ಗ್ರಾಮಸಭೆಯ ಠರಾವು, ನನ್ನ ಸಹಿ, ಅಷ್ಟೇ.

"ನನ್ನ ಮಾತು ಸುಮ್ಮನಾದ ಮೇಲೆ ಎಷ್ಟು ಚಂದ ನಿದ್ದೆ ಬಂತು ಗೊತ್ತಾ ಶಾವಂತ್ರಕ್ಕ? ನಿಮ್ಮ ಯಜಮಾನರಿಗೂ ಒಂದು ನಿದ್ದೆ ಬೇಡವಾ?" ಅಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಗಂಡನ ನಿದ್ದಿ ಚಿಂತಿ ನಿಮಗ ಬ್ಯಾಡ್ರಿ ಮೇಡಂ" ಅಂದು ಎದ್ದು ಬಂದೆ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಅಷ್ಟು ಉರಿದದ್ದು.

ಅದೇ ಹೊತ್ತಿಗೆ ಸರಕಾರದಿಂದ ಹೊಸ ಆದೇಶ ಬಂತು. ಸಣ್ಣ ಪಂಚಾಯತಿಗಳಿಂದ ಆಡಳಿತ ಸುಧಾರಿಸುವುದಿಲ್ಲವಂತೆ, ಸುತ್ತಲಿನವನ್ನೆಲ್ಲ ದೊಡ್ಡೂರಿಗೆ ಸೇರಿಸಿ ಒಂದೇ ಮಾಡುತ್ತಾರಂತೆ. ಇನ್ನು ಮುಂದೆ ಸಭೆ ದೊಡ್ಡೂರಿನ ಸಭಾಭವನದಲ್ಲಿ. ಫ್ಯಾನು, ಮೈಕು, ಪ್ಲಾಸ್ಟಿಕ್ ಕುರ್ಚಿ. ನಮ್ಮ ಸದಸ್ಯರಿಗೆ ಒಂದೇ ಕುತೂಹಲ. ಗುಂಪು ಕಟ್ಟಿಕೊಂಡು ಹೋಗಿ ಆ ಮೈಕಿನ ಮುಂದೆ ಒಬ್ಬೊಬ್ಬರೂ ಒಂದೊಂದು ಮಾತು ಕೊಟ್ಟು ನೋಡಿದರು. ಒಬ್ಬ ಆಸ್ಪತ್ರೆ ಕಟ್ಟಿಸುತ್ತೇನೆ ಅಂದ. ಇನ್ನೊಬ್ಬ ರೈಲು ತರಿಸುತ್ತೇನೆ ಅಂದ. ಮರುದಿನ ಊರೆಲ್ಲ ಕಿವಿಗೊಟ್ಟು ಹುಡುಕಿದರು. ಒಂದು ಮಾತೂ ಎಲ್ಲೂ ನಿಂತಿರಲಿಲ್ಲ! ಅವತ್ತು ಅವರಿಗಾದ ಖುಷಿಯನ್ನು ಏನು ಹೇಳಲಿ, ಹೋಟೆಲಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ಹಂಚಿದರು.

ದುಂಡಪ್ಪನಂತೂ ದೊಡ್ಡೂರು ಪಂಚಾಯತಿಗೆ ನಿಲ್ಲುವ ತಯಾರಿಯಲ್ಲೇ ಇದ್ದ. ಒಂದು ಮಧ್ಯಾಹ್ನ ಬಂದು ನನ್ನೆದುರು ಕೂತ.

"ವೈನಿ, ಒಂದು ಮಾತು. ಪಂಚಾಯತಿ ಕೂಡಿಸೂತನಾ ನೀವು ಠರಾವು ಮಾಡಲಿಲ್ಲಂದ್ರ ಆ ಬ್ರಿಜ್ ದೊಡ್ಡೂರಿನವರ ಕೈಗೆ ಹೋಗ್ತೈತಿ. ಅವರು ಆ ರೊಕ್ಕಾ ತಮ್ಮ ಬಸ್‌ಸ್ಟ್ಯಾಂಡಿಗೆ ಹಾಕ್ತಾರ. ಹಳ್ಳಕ್ಕ ಬ್ರಿಜ್ ಅನ್ನೂದು ಮುಗದ ಹೋತು."

"ಹೂಂ."

"ಅಣ್ಣ ಇದ್ದಲ್ಲೇ ಇರ್ತಾನ." ನೆಲ ನೋಡುತ್ತ ಹೇಳಿದ. "ಯಾರೂ ಅವನ ಬಾಯಿ ಮುಚ್ಚಸೂದಿಲ್ಲ. ನೀವೇನೂ ಮಾಡಬ್ಯಾಡ್ರಿ ವೈನಿ. ಸುಮ್ನ ಕುಂದರ್ರಿ."

ದುಂಡಪ್ಪ ಕೆಟ್ಟವನಲ್ಲ. ಅವನಿಗೂ ಅಣ್ಣ ಅವನು. ಆದರೆ ಅವನ ಮಾತು ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗಲಿಲ್ಲ, ನಿಂತಲ್ಲಿ ನಿಲ್ಲಲು ಆಗಲಿಲ್ಲ. ಹಳ್ಳಕ್ಕೆ ಹೋದರೆ ಮನೆಗೆ ಬರಬೇಕೆನಿಸುತ್ತಿತ್ತು, ಮನೆಗೆ ಬಂದರೆ ಹಳ್ಳಕ್ಕೆ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಏನೂ ಮಾಡದಿದ್ದರೆ ಸಾಕು, ಅವನು ನಾನು ಸಾಯುವವರೆಗೂ ನನ್ನ ಹೆಸರು ಹಿಡಿದು ಕರೆಯುತ್ತಿರುತ್ತಾನೆ. ಸರಕಾರವೇ ಆದೇಶ ಹೊರಡಿಸಿ ಗಂಡನನ್ನು ನನಗೆ ಬಿಟ್ಟುಕೊಟ್ಟ ಹಾಗಾಗಿತ್ತು.

ಅತ್ತೆ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. "ಉಪ್ಪು ಭಾಳ ಆಗೇತಿ" ಅಂದಳು. ಆಮೇಲೆ, "ನನ್ನ ಮಗನ್ನ ಎಷ್ಟ ದಿನಾ ದುಡಸ್ತಿ ಶಾವಂತ್ರಿ?" ಅಂದಳು.

"ಏನಂದಿ ಅತ್ತಿ?"

"ಮನಷ್ಯಾ ಸತ್ತ ಮ್ಯಾಲ ಬಾಯಿ ಮುಚ್ಚಸ್ತೀವಿ, ಕಣ್ಣ ಮುಚ್ಚಸ್ತೀವಿ. ನನ್ನ ಮಗನ ಬಾಯಿ ಇನ್ನಾ ತೆರದ ಐತಿ. ಹಗಲಿಲ್ಲ ರಾತ್ರಿಲ್ಲ, ಬಿಸಲಿಲ್ಲ ಮಳಿಲ್ಲ, ಒದರಾಕತ್ತಾನ. ನಿನಗ ಅದು ಸಂಗೀತ. ನನಗ ಅದು ಏನಂತ ನೀ ಒಂದ ದಿನಾ ಕೇಳಿಲ್ಲ."

"ನಿನಗ ಅಂವ ಬ್ಯಾಡಾಗ್ಯಾನ" ಅಂದೆ. ಬಾಯಿ ಜಾರಿತು. ಅತ್ತೆ ತಾಟು ಸರಿಸಿ ಎದ್ದು ಹೋದಳು. ತಾಟಿನ ಅನ್ನ ಹಾಗೇ ಒಣಗಿತು.

ಮೇಲೆಲ್ಲೋ ಮಳೆ ಸುರಿದು ಹಳ್ಳ ಬಂದದ್ದು ಅದೇ ವಾರ. ನಮ್ಮಲ್ಲಿ ಬಿಸಿಲೇ ಇತ್ತು. ಕೆಂಪು ನೀರು ಬೇಲಿ, ಗಿಡ, ಯಾರದೋ ಕೋಳಿಗೂಡು ಎಲ್ಲವನ್ನೂ ಉರುಳಿಸಿಕೊಂಡು ಬರುತ್ತಿತ್ತು. ಆಚೆದಂಡೆಯಿಂದ ತಮ್ಮ ಭರಮಣ್ಣನ ಫೋನು ಬಂತು. ಅವನ ಹೆಂಡತಿ ಲಗಮವ್ವನಿಗೆ ದಿನ ತುಂಬಿರಲಿಲ್ಲ, ಆಗಲೇ ಹೆರಿಗೆ ಬ್ಯಾನಿ ಶುರುವಾಗಿತ್ತು. ತಬಸ್ಸುಮ್ ಆಂಬುಲೆನ್ಸಿಗೆ ಹೇಳಿ ನನ್ನ ಜೊತೆ ಓಡಿಬಂದಳು. ಆಂಬುಲೆನ್ಸು ಬಂದು ಈಚೆ ದಂಡೆಯಲ್ಲಿ ನಿಂತಿತು. ಆಚೆ ದಂಡೆಯಲ್ಲಿ ಜಾಲಿಮರದ ಕೆಳಗೆ ಹೊರಸಿನ ಮೇಲೆ ಲಗಮವ್ವ, ಸುತ್ತ ಸೀರೆ ಹಿಡಿದುಕೊಂಡ ಹೆಂಗಸರು. ನಡುವೆ ನೀರು. ನರ್ಸು ಕೈಚೀಲ ಹಿಡಿದುಕೊಂಡು ದಂಡೆಯ ಗುಂಟ ಅತ್ತಿಂದಿತ್ತ ಓಡಾಡಿದಳು, ಇಳಿಯಲು ಎಲ್ಲೂ ದಾರಿಯಿರಲಿಲ್ಲ.

ಲಗಮವ್ವ ಕೂಗಿದಳು. ನಾನು ಹೆರಿಗೆ ನೋಡದವಳಲ್ಲ, ಆದರೆ ಆ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅದು ಮುಗಿಯುವ ಮೊದಲೇ ನೀರಿನ ಮೇಲೆ ನನ್ನ ಗಂಡ ಶುರು ಮಾಡಿದ. "ಅಂಥಾ ಬ್ರಿಜ್ ಕಟ್ಟಸ್ತೀನಿ ಈ ಹಳ್ಳಕ್ಕ." ಕೆಮ್ಮಿದ. "ಏ ಶಾವಂತ್ರಿ, ನಗಬ್ಯಾಡ." ಲಗಮವ್ವ ಮತ್ತೆ ಕೂಗಿದಳು. "ಖರೇನ ಕಟ್ಟಸ್ತೀನಿ." ಆಚೆ ದಂಡೆಯಿಂದ ನನ್ನ ತಮ್ಮ ನನ್ನ ಕಡೆ ನೋಡಿದ. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ, ಆದರೂ ನೋಡಿದ್ದು ಗೊತ್ತಾಯಿತು.

"ಮುಚ್ಚೋ ಬಾಯಿ!" ಎಂದು ಕಿರುಚಿದೆ. "ಸುಮ್ನಿರೋ! ಆಕಿ ಸಾಯಾಕತ್ತಾಳೋ ಅಲ್ಲಿ, ಸುಮ್ನಿರೋ!"

ಜನ ನನ್ನನ್ನು ನೋಡಿದರು. ತಬಸ್ಸುಮ್ ನನ್ನ ತೋಳು ಹಿಡಿದುಕೊಂಡಳು. ಅವನು ಸುಮ್ಮನಾಗಲಿಲ್ಲ, ಪಾಪ, ಅವನಿಗೇನು ಗೊತ್ತು? ಮತ್ತೆ ಮೊದಲಿನಿಂದ ಶುರು ಮಾಡಿದ. ಎಷ್ಟೋ ಹೊತ್ತಾದ ಮೇಲೆ ಅವನ ಕೆಮ್ಮಿನ ಬೆನ್ನಿಗೇ ಒಂದು ಸಣ್ಣ ಅಳು ಕೇಳಿತು. ಭರಮಣ್ಣ ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದ. "ಹೆಣ್ಣ ಕೂಸು! ಇಬ್ರೂ ಅರಾಮ ಅದಾರು!" ನಾನು ಕೆಸರಿನಲ್ಲೇ ಕೂತುಬಿಟ್ಟೆ. ಅವತ್ತು ಅತ್ತಷ್ಟು ನಾನು ಗಂಡ ಸತ್ತಾಗಲೂ ಅತ್ತಿರಲಿಲ್ಲ.

ಕಟ್ಟೆಯ ಮೇಲಿನ ಕೊನೆಯ ಗ್ರಾಮಸಭೆಗೆ ಊರಿಗೆ ಊರೇ ಬಂದಿತ್ತು. ಇನ್ನು ಇಲ್ಲಿ ಸಭೆ ಇಲ್ಲವಲ್ಲ ಎಂದು ಕೆಲವರಿಗೆ ದುಃಖ, ಸದಸ್ಯರಿಗೆ ಹಗುರ. ತಬಸ್ಸುಮ್ ಠರಾವು ಓದಿದಳು. ಆಚೆದಂಡೆಯವರೇ ಮೊದಲು ಕೈ ಎತ್ತಿದರು, ಉಳಿದವರೂ ಎತ್ತಿದರು. ನಾನು ಸಹಿ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಡೆಯುತ್ತಿತ್ತು. ಆದರೆ ಸಹಿಯನ್ನು ದೊಡ್ಡೂರಿನವರು ನಾಳೆ ಅಳಿಸಬಹುದು, ಮಾತನ್ನು ಯಾರಪ್ಪನೂ ಅಳಿಸಲಾರ. ನಾನು ಎದ್ದು ನಿಂತೆ.

"ವೈನಿ, ಬ್ಯಾಡ್ರಿ" ಎಂದು ದುಂಡಪ್ಪ ಹಿಂದಿನಿಂದ ಪಿಸುಗುಟ್ಟಿದ.

ಹಳ್ಳದ ಕಡೆ ಮುಖ ಮಾಡಿ ಹೇಳಿದೆ. "ನಗವಲ್ಲೆ ನಾ. ನೀ ಹೇಳಿದ ಬ್ರಿಜ್ ನಾನ ಕಟ್ಟಸ್ತೀನಿ." ನನ್ನ ತಮ್ಮ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

ಆಮೇಲೆ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ನನ್ನ ಮಾತು ಹೋಗಿ ಅವನ ಮಾತಿನ ಪಕ್ಕದಲ್ಲಿ ನಿಂತಿತು. ಅವನು "ಏ ಶಾವಂತ್ರಿ, ನಗಬ್ಯಾಡ. ಖರೇನ ಕಟ್ಟಸ್ತೀನಿ" ಅನ್ನುವುದು, ಅದಕ್ಕೆ ನಾನು "ನಗವಲ್ಲೆ ನಾ" ಅನ್ನುವುದು. ಒಮ್ಮೊಮ್ಮೆ ನನ್ನದು ಮೊದಲು ಬಂದು ಅವನದು ಆಮೇಲೆ. ಒಮ್ಮೊಮ್ಮೆ ಇಬ್ಬರದೂ ಒಟ್ಟಿಗೇ, ಥೇಟು ನಮ್ಮ ಅಡುಗೆಮನೆಯ ಜಗಳ. ಬುನಾದಿ ತೆಗೆಯುವ ಗೌಂಡಿಗಳು ಗುದ್ದಲಿ ಊರಿಕೊಂಡು ನಗುತ್ತಿದ್ದರು. ಸಂಜೆ ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು. ನಾನಂತೂ ಅಲ್ಲಿಂದ ಕದಲುತ್ತಿರಲಿಲ್ಲ. ಕಂಬ ಎದ್ದಿತು, ನನಗೆ ಸಂತೋಷವಾಯಿತು. ಎರಡನೆಯ ಕಂಬ ಎದ್ದಿತು, ಇನ್ನೆಷ್ಟು ದಿನದ ಕೆಲಸ ಉಳಿದಿದೆ ಎಂದು ಗೌಂಡಿಯನ್ನು ಕೇಳಿದೆ. ಮಳೆ ಬಂದು ಕೆಲಸ ನಿಂತರೆ ಬೈಯುತ್ತಿದ್ದೆ, ಒಳಗೊಳಗೇ ಹಗುರವೂ ಆಗುತ್ತಿತ್ತು. ನಡುವೆ ಪಂಚಾಯತಿ ದೊಡ್ಡೂರಿಗೆ ಸೇರಿಹೋಯಿತು. ನಮ್ಮ ಕಚೇರಿಯ ಬೋರ್ಡು ಇಳಿಸಿ ಒಯ್ದರು, ನಾನು ಮಾಜಿಯಾದೆ. ದೊಡ್ಡೂರಿನವರು ಕೆಲಸ ನಿಲ್ಲಿಸಲು ನೋಡದೆ ಇರಲಿಲ್ಲ. ಅವರ ಎಂಜಿನಿಯರು ಬಂದು ದಂಡೆಯಲ್ಲಿ ನಿಂತ, ಗಂಡ ಹೆಂಡತಿ ಮಾತಾಡುವುದನ್ನು ಕೇಳಿದ, ಬೆವರು ಒರೆಸಿಕೊಂಡು ಹೊರಟುಹೋದ.

ಕೊನೆಯ ಸ್ಲ್ಯಾಬಿನ ಕಾಂಕ್ರೀಟು ಗಟ್ಟಿಯಾಗಿ, ಎರಡೂ ಬದಿಗೆ ಹಿಡಿದು ನಡೆಯಲು ಕಟಾಂಜನ ಕೂರಿಸಿ ಮುಗಿದ ಹೊತ್ತಿಗೆ ನನ್ನ ಮಾತು ಸುಮ್ಮನಾಯಿತು. ಎಲ್ಲರೂ ಕಿವಿಗೊಟ್ಟು ಕಾದರು. ಅವನು ನಿಲ್ಲಲಿಲ್ಲ. "ಏ ಶಾವಂತ್ರಿ, ನಗಬ್ಯಾಡ" ಅಂದ. ಉತ್ತರ ಕೊಡಲು ಅಲ್ಲಿ ನನ್ನ ದನಿ ಇರಲಿಲ್ಲ. ಗುತ್ತಿಗೆದಾರ ಗಾಬರಿಯಾಗಿ ಸುತ್ತಿಗೆ ಹಿಡಿದು ಅಲ್ಲಲ್ಲಿ ತಟ್ಟಿ ನೋಡಿದ. "ಬಣ್ಣಾ ಹಚ್ಚಿಲ್ಲಂತ ಇರಬೇಕು" ಎಂದು ದುಂಡಪ್ಪ ಬಣ್ಣ ಹಚ್ಚಿಸಿದ. ಅವನು ನಿಲ್ಲಲಿಲ್ಲ. ತಬಸ್ಸುಮ್ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ. ಏನು ಬಾಕಿಯಿದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ನೆರೆದವರಿಗೆಲ್ಲ ಗೊತ್ತು. ಅವನೇ ಬಾಯಿಬಿಟ್ಟು ಹೇಳುತ್ತಿದ್ದನಲ್ಲ, ನಮ್ಮವ್ವ ಕಾಲ ತೋಯಿಸ್ಕೊಳ್ಳಾರದ ತವರ ಮುಟ್ಟಬೇಕು ಅಂತ.

ಇದು ನನಗೆ ದೇವರು ಕೊಟ್ಟ ದಾರಿ ಅನಿಸಿತು. ಸೇತುವೆ ಆಯಿತು, ಆಚೆದಂಡೆಯವರು ದಾಟುತ್ತಿದ್ದಾರೆ, ಆಂಬುಲೆನ್ಸೂ ದಾಟುತ್ತದೆ. ನಾನು ಯಾರಿಗೂ ಅನ್ಯಾಯ ಮಾಡಿಲ್ಲ. ಅತ್ತೆಯಂತೂ ಹಳ್ಳದ ಹೆಸರೆತ್ತಿದರೆ ಮುಖ ತಿರುಗಿಸುವವಳು, ಅವಳಾಗಿ ಬರುವುದಿಲ್ಲ. ನಾನು ತುಟಿ ಹೊಲಿದುಕೊಂಡಿದ್ದರೆ ಸಾಕು. ಹಾಗೆಂದುಕೊಂಡೇ ಮನೆಗೆ ಬಂದೆ. ರೊಟ್ಟಿ ಬಡಿದೆ, ಬಡಿಸಿದೆ, ಹಾಸಿಗೆ ಹಾಸಿದೆ.

ದಿನಗಳು ಹೀಗೇ ಹೋದವು. ಮನಸ್ಸಿಗೆ ಸಮಾಧಾನ ಮಾತ್ರ ಇರಲಿಲ್ಲ. ಅತ್ತೆ ಬಾಗಿಲ ಕಡೆ ಕೂತು ಹಾದುಹೋಗುವವರ ಕಾಲುಗಳನ್ನೇ ನೋಡುತ್ತಿದ್ದಳು. ಆಚೆದಂಡೆಯಿಂದ ಬಂದವರ ಕಾಲು ಈಗ ಒಣಗಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಹಳ್ಳದಿಂದ ಬಂದಾಗ ಕೇಳಿದಳು. "ಬ್ರಿಜ್ ಮುಗದೈತೇನ?"

"ಮುಗದೈತಿ."

"ಅಂವ ಇನ್ನಾ ಮಾತಾಡ್ತಾನೇನ?"

ಇಲ್ಲ ಅಂದಿದ್ದರೆ ನಂಬುತ್ತಿದ್ದಳು. ಅವಳಿಗೆ ಹೋಗಿ ಬಂದು ಹೇಳುವವರು ಯಾರೂ ಇರಲಿಲ್ಲ, ಊರು ನನಗೆ ಅಷ್ಟು ಮರ್ಯಾದೆ ಕೊಟ್ಟಿತ್ತು. ಅವಳ ಮುಖ ನೋಡಿದೆ. ಆ ಮೂಗು, ಆ ಗದ್ದ, ಎಲ್ಲ ಅವನದೇ. ಹೂಂ ಅಂದರೆ ನನಗೆ ಅವನು ಇಲ್ಲ. ಇಲ್ಲ ಅಂದರೆ ಇವಳ ಮಗನಿಗೆ ಸಾವಿಲ್ಲ.

"ಮಾತಾಡ್ತಾನ ಅತ್ತಿ" ಅಂದೆ. "ನಿನ್ನ ದಾರಿ ಕಾಯಾಕತ್ತಾನ."

ಅತ್ತೆ ಗೋಡೆ ಹಿಡಿದು ಎದ್ದಳು. "ನನ್ನ ಚಪ್ಪಲ ಎಲ್ಲೆದಾವು ನೋಡು" ಅಂದಳು.

ಅವಳ ಕೈ ಹಿಡಿದುಕೊಂಡು ಹೊರಟೆ. ದಾರಿಯಲ್ಲಿ ನೋಡಿದವರು ಮಾತಾಡಿಸದೆ ಹಿಂದೆ ಬಂದರು. ಸೇತುವೆಯ ಬಾಯಿಗೆ ಬರುತ್ತಲೇ ಅವನ ದನಿ ಕೇಳಿತು. ಈ ಸಲ ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ. ಪೂರ್ತಿ ಕೇಳಿದಳು, ಕೆಮ್ಮಿದ್ದನ್ನೂ ಕೇಳಿದಳು. "ನೆಗಡಿ ಆಗಿತ್ತಲ್ಲ ಅವತ್ತ" ಅಂದಳು. "ಕಷಾಯ ಮಾಡಿಕೊಟ್ಟಿದ್ದೆ, ಕುಡೀಲಾರದ ಹೋಗಿದ್ದ."

ನನ್ನ ಕೈ ಬಿಟ್ಟು ಒಬ್ಬಳೇ ನಡೆದಳು. ಕಟಾಂಜನ ಹಿಡಿದು, ನಡುವೆ ಒಮ್ಮೆ ನಿಂತು, "ಸಾಕಪ್ಪಾ, ಸಾಕು. ಬಂದೆ" ಅಂದಳು. ನಾನು ಈಚೆಯೇ ನಿಂತು ಅವನು ನನ್ನ ಹೆಸರು ಹಿಡಿಯುವುದನ್ನು ಕಾದೆ. "ಏ ಶಾವಂತ್ರಿ" ಅಂದ. "ನಗಬ್ಯಾಡ" ಅಂದ. ಅತ್ತೆಯ ತೋಯದ ಕಾಲು ಆಚೆ ಮಣ್ಣಿನ ಮೇಲೆ ಬಿತ್ತು. ಅವನು ಮುಂದೆ ಏನೂ ಹೇಳಲಿಲ್ಲ.

ಇಷ್ಟು ವರ್ಷ ಆ ದಂಡೆಯಲ್ಲಿ ಕೂತಿದ್ದೇನೆ, ಆ ಹಳ್ಳಕ್ಕೆ ತನ್ನದೊಂದು ಸಪ್ಪಳ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ನೀರು ಕಂಬದ ಬುಡಕ್ಕೆ ತಾಗಿ ಹೋಗುತ್ತಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ತಬಸ್ಸುಮ್ ಪಕ್ಕಕ್ಕೆ ಬಂದು ನಿಂತಳು, ಅವಳೂ ಅಳುತ್ತಿದ್ದಳು.

ಅಷ್ಟರಲ್ಲಿ ಆಚೆ ಜಾಲಿಮರದ ಜೋಳಿಗೆಯಲ್ಲಿ ಮಲಗಿದ್ದ ಕೂಸು ಎದ್ದು ಕಿಟಾರನೆ ಕಿರುಚತೊಡಗಿತು. ಲಗಮವ್ವ ಎತ್ತಿಕೊಂಡಳು, ಎದೆಗೆ ಹಚ್ಚಿದಳು, ತೂಗಿದಳು. ಸುಮ್ಮನಾಗಲೊಲ್ಲದು. ಅತ್ತೆ ಎತ್ತಿಕೊಂಡರೂ ಇಲ್ಲ. ತಲೆ ಅತ್ತ ಇತ್ತ ತಿರುಗಿಸಿ ಹಳ್ಳದ ಕಡೆ ಏನನ್ನೋ ಹುಡುಕುತ್ತ ಅಳುತ್ತಿತ್ತು. ಹುಟ್ಟಿದ ಗಳಿಗೆಯಿಂದ ಆ ಮಾತಿನಲ್ಲೇ ಮಲಗಿ ಎದ್ದ ಕೂಸು ಅದು. ದಂಡೆ ಸುಮ್ಮನಾದದ್ದನ್ನು ಅದು ಅವತ್ತೇ ಮೊದಲು ಕೇಳಿದ್ದು.

ನಾನು ಸೇತುವೆ ದಾಟಿದೆ. ಕೂಸನ್ನು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡೆ. ಅವನು ಹೇಳುತ್ತಿದ್ದ ಹಾಗೇ, ಅದೇ ಗತ್ತಿನಲ್ಲಿ, ಅದರ ಕಿವಿಯಲ್ಲಿ ಹೇಳಿದೆ. ನಮ್ಮವ್ವ ಕಾಲ ತೋಯಿಸ್ಕೊಳ್ಳಾರದ ತವರ ಮುಟ್ಟಬೇಕು, ಅಂಥಾ ಬ್ರಿಜ್ ಕಟ್ಟಸ್ತೀನಿ ಈ ಹಳ್ಳಕ್ಕ. ಕೆಮ್ಮಿದೆ. ಏ ಶಾವಂತ್ರಿ, ನಗಬ್ಯಾಡ.

ಕೂಸು ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿತು. ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ, ಜೋರಾಗಿ ನಕ್ಕುಬಿಟ್ಟೆ.